ಪಾಪಕ್ಕನ ಮಾತಿನ ನಕಲು

ಸಿದ್ದಾಪುರ,
11 ಆಗಸ್ಟ್ 2024

ಸ್ವಪ್ನ,

ಈ ಕಾಗದದೊಳಗೆ ಸುತ್ತಿರೋ ಮೆಮೊರಿ ಕಾರ್ಡು ಜೋಪಾನ. ಇಲ್ಲಿ ಕಲ್ಲುಗುಂಡುಗಳ ಸಂದಿನಲ್ಲಿ ಫೋನು ಮಾತಾಡೋಕಷ್ಟೇ ಸಿಗ್ನಲ್ ಸಾಕು. ಇಷ್ಟು ರೆಕಾರ್ಡಿಂಗು ಇಂಟರ್ನೆಟ್ಟಲ್ಲಿ ಕಳಿಸಬೇಕಂದ್ರೆ ಇಡೀ ದಿನ ಬಂಡೆ ಹತ್ತಿ ನಿಂತ್ರೂ ಆಗಲ್ಲ. ಅದಕ್ಕೆ ಕಂಡಕ್ಟರ್ ಮುತ್ತುರಾಜಣ್ಣನ ಕೈಲಿ ಕೊಡ್ತಿದೀನಿ. ಚಳ್ಳಕೆರೆ ಬಸ್‌ಸ್ಟ್ಯಾಂಡಲ್ಲಿ ಇಸ್ಕೊ. ರೆಕಾರ್ಡಿಂಗೆಲ್ಲ ನಮ್ಮ ಸರ್ವರಿಗೆ ಏರಿಸಿ, ಕಾರ್ಡು ಖಾಲಿ ಮಾಡಿ ಇದೇ ಬಸ್ಸಲ್ಲಿ ವಾಪಸ್ ಕಳಿಸು. ಹಟ್ಟಿ ಹಟ್ಟಿ ತಿರುಗೋಕೆ ನನಗೆ ಅದೇ ಬೇಕು.

ಈ ಸಲ ನಮ್ಮ ದೊಡ್ಡವ್ವ ಪಾಪಕ್ಕ ಮಾತಾಡವಳೆ. ಬಾಯಿ ಬಿಡಿಸೋದ್ರಲ್ಲಿ ಸಾಕಾಯ್ತು ಕಣೇ. ಕುರಿ ಬಗ್ಗೆ ಅವಳಿಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ, ಆದ್ರೆ ಫೋನು ಕಂಡ್ರೆ ಸೆರಗು ಬಾಯಿಗೆ ಅಡ್ಡ ಇಟ್ಕಂತಾಳೆ. ನಾನು ಎಲ್ಲ ಬಿಡಿಸಿ ಹೇಳಿದೆ. 'ದೊಡ್ಡವ್ವ, ನೀನು ಒಂದು ನಂಬರಿಗೆ ಫೋನು ಮಾಡ್ತೀಯ. ಕುರಿಗೆ ಏನಾಗೈತೆ ಅಂತ ಹೇಳ್ತೀಯ. ನಿನ್ನ ಮಾತನ್ನ ಮಿಷಿನ್ನೇ ತಿಳ್ಕಂಡು, ಡಾಕ್ಟ್ರು ಮೊದಲೇ ಹೇಳಿಟ್ಟಿರೋ ಔಷಧಿ ತಿರುಗಿ ಹೇಳ್ತದೆ. ಸಿಕ್ಕಾಪಟ್ಟೆ ಜೋರಾಗಿದ್ರೆ ಹತ್ರದ ದನದ ಆಸ್ಪತ್ರೆಗೇ ಫೋನು ಹಾಕಿಕೊಡ್ತದೆ. ಆದ್ರೆ ನಮ್ಮ ಸೀಮೆ ಮಾತು ಅದಕ್ಕೆ ಬರಲ್ಲ. ಅದಕ್ಕೇ ನೀವೆಲ್ಲ ಮಾತಾಡಿ ಕಲಿಸಬೇಕು.'

ಎಲ್ಲ ಕೇಳಿಸ್ಕಂಡು ಕೊನೆಗೆ ಒಂದೇ ಮಾತು ಕೇಳಿದಳು.

'ಯಾರ್ಯಾರು ಕೇಳ್ತಾರೆ ಇದನ್ನ?'

'ನಾನು, ಸ್ವಪ್ನ, ಡಾಕ್ಟ್ರು.'

'ಬ್ಯಾಪಾರಿಗಳು?'

'ಇಲ್ಲ ದೊಡ್ಡವ್ವ, ನನ್ನಾಣೆ.'

'ಆಣೆ ಬ್ಯಾಡ, ಸಣ್ಣೋಳು ನೀನು. ಮಾತು ಕೊಡು ಸಾಕು.'

ಕೊಟ್ಟೆ. ನಿನ್ನ ಪರವಾಗಿ ಕೂಡ ನಾನೇ ಕೊಟ್ಟೆ. ಆಮೇಲೆ ನೋಡು, ಹೊತ್ತು ಮುಳುಗೋವರೆಗೂ ಮಾತಾಡಿದಳು. ಅರ್ಧ ಕನ್ನಡ, ಅರ್ಧ ತೆಲುಗು. ನಡುನಡುವೆ ಟಗರಿಗೆ ಬೈದಿರೋದೂ ಐತೆ, ಅದನ್ನ ತೆಗೀಬೇಡ.

ಬಿಸಿಎ ಓದುವಾಗ ಕಾಲೇಜು ಮೆಟ್ಟಿಲ ಮೇಲೆ ಕೂತು ನಾವಿಬ್ರೂ ಇದಕ್ಕೆ ಹೆಸರು ಹುಡುಕ್ತಿದ್ವಲ್ಲ, ಕೊನೆಗೆ ನೀನೇ 'ರೊಪ್ಪ' ಅಂದೆ. ಇಲ್ಲಿ ಎಲ್ರಿಗೂ ಆ ಹೆಸರು ಹಿಡಿಸೈತೆ. ಕುರಿ ಕೂಡೋ ಜಾಗ ಅಲ್ವಾ, ತಮ್ದೇ ಅನ್ನಿಸ್ತದಂತೆ.

ಅವ್ವ ಹುರುಳಿ ಕೊಟ್ಟವಳೆ, ಕಂಡಕ್ಟರ್ ಹತ್ರ ಚೀಲ ಐತೆ.

ನಿನ್ನ
ಗಂಗಿ


ಚಳ್ಳಕೆರೆ,
20 ಆಗಸ್ಟ್ 2024

ಗಂಗಿ,

ಕಾರ್ಡು, ಹುರುಳಿ ಎರಡೂ ಬಂದವು. ಅಮ್ಮ ಆಗಲೇ ಕಟ್ಟಿನ ಸಾರು ಮಾಡಿಬಿಟ್ಟಳು. ಪಾಪಕ್ಕನ ಮಾತು ಕೇಳಿ ನಮ್ಮ ಡಾಕ್ಟರ್ ಜಯದೇವಪ್ಪನವರು ಕುರ್ಚಿಯಲ್ಲೇ ನೆಟ್ಟಗಾದರು. 'ಸರ್ವೀಸಿನಲ್ಲಿದ್ದಾಗ ಇಂಥವರ ಪಕ್ಕ ಕೂತು ಕೇಳೋಕೆ ಪುರಸೊತ್ತೇ ಇರಲಿಲ್ಲಮ್ಮ' ಅಂದರು. ಉತ್ತರಗಳನ್ನು ನನ್ನ ರೂಮಿನಲ್ಲೇ ಕೂತು ರೆಕಾರ್ಡು ಮಾಡಿದ್ದಾರೆ. ಕೆಳಗಡೆ ಎಣ್ಣೆ ಗಾಣದ ಸದ್ದು ಸೇರಿಕೊಂಡಿದೆ, ಏನು ಮಾಡಲಿ, ಇದು ಚಳ್ಳಕೆರೆ.

ಇನ್ನು ನನ್ನ ಸಮಾಚಾರ. ಹೊಸ ಕ್ಲೌಡಿಗೆ ಎಲ್ಲ ಸಾಗಿಸಿಯಾಯಿತು. ಕಂಟೇನರ್ ಅಂದರೇನು ಅಂತ ಅಪ್ಪ ಕೇಳಿದ. ಬುತ್ತಿಗಂಟು ಅಂದೆ. ನಮ್ಮ ಪ್ರೋಗ್ರಾಮು, ಅದಕ್ಕೆ ಬೇಕಾದ ಸಣ್ಣಪುಟ್ಟದ್ದೆಲ್ಲ ಒಟ್ಟಿಗೆ ಕಟ್ಟಿಟ್ಟ ಗಂಟು, ಯಾವ ಊರಿನ ಯಾವ ಕಂಪ್ಯೂಟರಿನಲ್ಲಿ ಬಿಚ್ಚಿದರೂ ಅದೇ ಊಟ. 'ಹಂಗಾದ್ರೆ ಹಳಸಲ್ವಾ?' ಅಂದ. ನಕ್ಕೂ ನಕ್ಕೂ ಸಾಕಾಯಿತು.

ಯಾರೂ ಕರೆ ಮಾಡದಿದ್ದಾಗ ಸರ್ವರ್ ಮಲಗಿರುತ್ತೆ. ಕರೆ ಬಂದ ಕೂಡಲೇ ಏಳುತ್ತೆ. ಹಬ್ಬದ ದಿನ ಒಟ್ಟಿಗೆ ನೂರಾರು ಜನ ಮಾಡಿದರೆ ತಾನೇ ಅಷ್ಟು ಗಂಟು ಬಿಚ್ಚಿಕೊಳ್ಳುತ್ತೆ. ನಾವು ಕಾಯುತ್ತಾ ಕೂರಬೇಕಾಗಿಲ್ಲ. ಇನ್ನೊಂದು ಹೊಸದು ಬಂದಿದೆ, ಅದನ್ನು ನೋಡಿದರೆ ನೀನೂ ಕುಣಿಯುತ್ತೀಯ. ಇಡೀ ಡೇಟಾಬೇಸಿನದೇ ಒಂದು ಪ್ರತಿಯನ್ನು ಕಣ್ಣು ಮುಚ್ಚಿ ತೆರೆಯುವುದರಲ್ಲಿ ಮಾಡಿಕೊಡುತ್ತೆ. ಆ ಪ್ರತಿಯ ಮೇಲೆ ಏನು ಪ್ರಯೋಗ ಮಾಡಿದರೂ ಮೂಲಕ್ಕೆ ಏನೂ ಆಗುವುದಿಲ್ಲ. ಮೊದಲೆಲ್ಲ ಇದಕ್ಕೆ ರಾತ್ರಿಹಗಲು ಒದ್ದಾಡಬೇಕಿತ್ತು.

ಹೊಸಬರಿಗೆ ಅಂತ ಕ್ಲೌಡಿನವರು ಕೊಟ್ಟಿರುವ ಉಚಿತ ಅವಧಿ ವರ್ಷದ ಕೊನೆಗೆ ಮುಗಿಯುತ್ತೆ. ಅದರ ಚಿಂತೆ ನನಗಿರಲಿ. ನೀನು ಹಟ್ಟಿಗಳನ್ನು ನೋಡಿಕೋ.

ಮುಂದಿನ ತಿಂಗಳು ದಾವಣಗೆರೆಯಲ್ಲಿ ನಮ್ಮಂಥವರೆಲ್ಲ ತಾವು ಮಾಡಿದ್ದನ್ನು ತೋರಿಸುವ ಕಾರ್ಯಕ್ರಮವಿದೆ. ಇಬ್ಬರೂ ಹೋಗೋಣ ಅಂತಿದ್ದೆ, ನಿನಗೆ ಕುರಿಗಳಿಗೆ ಲಸಿಕೆ ಹಾಕಿಸುವ ಕೆಲಸ ಅಂದೆಯಲ್ಲ. ನಾನೊಬ್ಬಳೇ ಹೋಗಿ ಬರುತ್ತೇನೆ.

ಪ್ರೀತಿಯಿಂದ
ಸ್ವಪ್ನ


ಚಳ್ಳಕೆರೆ,
2 ಅಕ್ಟೋಬರ್ 2024

ಪ್ರೀತಿಯ ಗಂಗಾ,

ದಾವಣಗೆರೆ ಕಾರ್ಯಕ್ರಮ ಚೆನ್ನಾಗಾಯಿತು. ಬರೆಯಲು ತಡವಾಯಿತು, ಬೇಜಾರಾಗಬೇಡ.

ಅಲ್ಲಿ 'ಹೊಸಮಂದೆ' ಅನ್ನುವ ಕಂಪನಿಯ ಮಾರುತೇಶ್ ಅನ್ನುವವರು ಸಿಕ್ಕಿದ್ದರು. ನಮ್ಮ ಕೆಲಸ ಪೂರ್ತಿ ಕೂತು ನೋಡಿದರು. ಆಮೇಲೆ ತಮ್ಮ ಆಫೀಸಿಗೂ ಕರೆದರು. ದೊಡ್ಡ ಕೋಣೆ, ಉದ್ದ ಮೇಜು, ಎಲ್ಲರೂ ನನ್ನ ಕಡೆಗೇ ನೋಡುತ್ತಿದ್ದರು. 'ನೀವು ಹೇಳಿ ಸ್ವಪ್ನ, ನೀವು ಹೇಗೆ ಯೋಚನೆ ಮಾಡಿದಿರಿ' ಅಂತ. ನಮ್ಮಪ್ಪನಿಗೆ ಮಿಲ್ಲಿನಲ್ಲಿ ಇಷ್ಟು ವರ್ಷವಾದರೂ ಯಾರೂ 'ನೀವು' ಅಂದಿಲ್ಲ, ಗೊತ್ತಾ.

ಉಚಿತ ಅವಧಿ ಮುಗಿದ ಮೇಲೆ ಸರ್ವರನ್ನು ಅವರ ಖಾತೆಯಲ್ಲೇ ನಡೆಸಿಕೊಡುತ್ತಾರಂತೆ. ನಾವು ನಿಲ್ಲಿಸಬೇಕಾಗಿಲ್ಲ. ಒಳ್ಳೆಯದೇ ಅಲ್ಲವಾ? ಕಾಗದಪತ್ರದ ಕೆಲಸ ನಾನೇ ನೋಡಿಕೊಳ್ಳುತ್ತಿದ್ದೇನೆ.

ಒಂದು ಸಣ್ಣ ಬದಲಾವಣೆ. ಕರೆ ಮಾಡಿದವರಿಗೆ ಇನ್ನು ಮೇಲೆ ಇನ್ನೊಂದು ಪ್ರಶ್ನೆ ಇರುತ್ತೆ: ಮಂದೆಯಲ್ಲಿ ಎಷ್ಟು ಕುರಿಗೆ ಹುಷಾರಿಲ್ಲ, ಯಾವಾಗ ಮಾರುವ ಯೋಚನೆ ಇದೆ, ಯಾಕೆ. ಸೇವೆ ಉತ್ತಮಪಡಿಸಲು ಬೇಕು. ನೀನು ಹೇಳಿದರೆ ಹಟ್ಟಿಯವರು ಉತ್ತರ ಕೊಡುತ್ತಾರೆ.

ಅಮ್ಮನಿಗೆ ನಮಸ್ಕಾರ ತಿಳಿಸು.

ಇತಿ
ಸ್ವಪ್ನ


ಸಿದ್ದಾಪುರ,
21 ಅಕ್ಟೋಬರ್ 2024

ಸ್ವಪ್ನ,

ಯಾಕೆ ಫೋನು ಎತ್ತಲ್ಲ? ಮೂರು ದಿನದಿಂದ ಮಾಡ್ತಾನೇ ಇದೀನಿ. 'ಪ್ರೀತಿಯ ಗಂಗಾ' ಅಂತ ಬರೆದಿದೀಯಲ್ಲ, ಬ್ಯಾಂಕಿನೋರು ಬರೆದಂಗಿತ್ತು. ಅವ್ವನಿಗೆ ಓದಿ ಹೇಳಿದೆ, ನಕ್ಕಳು.

ಇಲ್ಲಿ ನೀಲಿ ನಾಲಿಗೆ ರೋಗ ಬಂದು ಹೋಯ್ತು. ಮಳೆ ನಿಂತ ಮೇಲೆ ಸೊಳ್ಳೆ ಜಾಸ್ತಿ ಆಗಿ ಸುತ್ತಮುತ್ತ ಎಲ್ಲ ಹಟ್ಟಿಗೂ ಹಬ್ಬಿತ್ತು. ನಮ್ಮ ದೊಡ್ಡಪ್ಪ ಹುಲಿಯಪ್ಪನ ಮಂದೇಲಿ ಮೊದಲು ಒಂದು ಕುರಿ ತುಟಿ ಊದಿಸ್ಕಂಡು ನಿಂತ ಕೂಡಲೇ ಪಾಪಕ್ಕ ರೊಪ್ಪಕ್ಕೆ ಫೋನು ಮಾಡಿದಳು. ಡಾಕ್ಟ್ರು ಹೇಳಿದಂಗೆ ಬೇರೆ ಕಟ್ಟಿ, ಹೊಗೆ ಹಾಕಿ, ಗಂಜಿ ಕುಡಿಸಿದ್ರು. ಸತ್ತಿದ್ದು ಒಂದೇ. ಈಗ ಹಟ್ಟಿ ಹಿರೀಕ ದೊಡ್ಡೀರಪ್ಪ ತಾತನೂ ನಂಬರ್ ಬರೆಸ್ಕಂಡು ಹೋದ. 'ಮಂದೆ ಹೊಡ್ಕಂಡು ನೀರಾವರಿ ಸೀಮೆಗೆ ಹೋದಾಗ ಅಲ್ಲಿಂದಾನೂ ಮಾಡಬೋದಾ?' ಅಂತ ಕೇಳಿದ. ಎಲ್ಲಿಂದಾನ ಮಾಡ್ರಿ ತಾತ, ಹೆದರಬ್ಯಾಡ್ರಿ ಅಂದೆ. ಅವತ್ತು ಎಷ್ಟು ಹೆಮ್ಮೆ ಆಯ್ತು ಅಂದ್ರೆ, ನಿನ್ನನ್ನ ಎಳ್ಕಂಡು ಬಂದು ಇವರ ಮುಂದೆ ನಿಲ್ಲಿಸಬೇಕು ಅನ್ನಿಸ್ತು.

ನಿನ್ನ ಹೊಸ ಪ್ರಶ್ನೆ ಮಾತ್ರ ಪಾಪಕ್ಕನಿಗೆ ಸರಿ ಬರಲಿಲ್ಲ. 'ರೋಗದ ಮಾತು ಸರಿ. ಮಾರೋ ಮಾತು ಫೋನಿಗ್ಯಾಕೆ?' ಅಂದಳು. ನನಗೂ ಗೊತ್ತಾಗಲಿಲ್ಲ. ಆದ್ರೂ ನೀನು ಸುಮ್ನೆ ಕೇಳಲ್ಲ ಅಂತ, 'ಸ್ವಪ್ನ ಕೇಳವಳೆ ಅಂದ್ರೆ ಏನೋ ಇರ್ತದೆ, ಹೇಳು ದೊಡ್ಡವ್ವ' ಅಂದೆ. ಹೇಳಿದಳು. ದೊಡ್ಡಪ್ಪನಿಗೆ ಕರುಳು ಇಳಿದು ಆಪರೇಷನ್ ಆಗಬೇಕು, ಕಾರ್ತೀಕ ಅಮಾವಾಸ್ಯೆ ಒಳಗೆ ಟಗರು ಮಾರದಿದ್ರೆ ಗತಿ ಇಲ್ಲ ಅಂತ. ಇದು ಅವ್ವನಿಗೂ ಗೊತ್ತಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ನನಗೆ ಆಗಲೇ ಗೊತ್ತಾಗಿದ್ದು.

ಆ ಮಾರುತೇಶ್ ಅನ್ನೋರ ಕಂಪನಿ ಏನು ಮಾಡ್ತದೆ ಅಂತ ಬರೀಲೇ ಇಲ್ಲ ನೀನು. ಬರಿ.

ನಿನ್ನ
ಗಂಗಿ


ಸಿದ್ದಾಪುರ,
28 ನವೆಂಬರ್ 2024

ಸ್ವಪ್ನ,

ಎರಡು ತಿಂಗಳಾಗ್ತಾ ಬಂತು, ನಿನ್ನ ಕಾಗದ ಇಲ್ಲ, ಫೋನಿಲ್ಲ. ಇವತ್ತು ಏನಾಯ್ತು ಅಂತ ಬರೀತೀನಿ. ಓದಿ ಕೂಡಲೇ ಉತ್ತರ ಬರಿ.

ಬೆಳಿಗ್ಗೆ ಪಾಪಕ್ಕನ ರೊಪ್ಪದ ಹತ್ರ ಒಂದು ಪಿಕಪ್ ಗಾಡಿ ಬಂತು. ಕುರಿ ಬ್ಯಾಪಾರಿ ಹೊನ್ನೂರಸ್ವಾಮಿ. ಈ ಕಡೆಗೆ ವರ್ಷಕ್ಕೊಂದು ಸಲ ಬರೋನು. ಬಂದೋನು ಮಂದೆ ಸುತ್ತ ತಿರುಗಬೇಕು, ಬೆನ್ನು ಹಿಡಿದು ನೋಡಬೇಕು, ಟವೆಲ್ ಕೆಳಗೆ ಬೆರಳು ಹಿಡಿದು ಬ್ಯಾಪಾರ ಮಾಡಬೇಕು. ಅದು ಪದ್ಧತಿ. ಅವನು ಫೋನು ನೋಡ್ಕಂಡು ಸೀದಾ ಹಿಂದಿನ ಮೂಲೆಗೆ ಹೋದ.

'ಈ ಕೆಮ್ಮೋ ಮರಿ ಬಿಟ್ಟು ಉಳಿದ ಟಗರು ಹಾಕಮ್ಮ' ಅಂದ.

ಮರಿ ಆಗ ಕೆಮ್ಮಿರಲೇ ಇಲ್ಲ. ಪಾಪಕ್ಕ ಒಂದು ರೇಟು ಹೇಳಿದಳು. ಅವನು ಅದರಲ್ಲಿ ಅರ್ಧ ಹೇಳಿದ. ಪಾಪಕ್ಕ ಆಗಲ್ಲ ಅಂತ ತಿರುಗಿ ಹೊಂಟಳು. ಅದು ಕೂಡ ಪದ್ಧತಿ, ಬ್ಯಾಪಾರಿ ಕರೀತಾನೆ, ಇವಳು ನಿಲ್ತಾಳೆ. ಅವನು ಕರೀಲಿಲ್ಲ. ಗಾಡಿಗೆ ಒರಗಿ ನಿಂತ್ಕಂಡು ಹೇಳಿದ, 'ಎಲ್ಲಿಗೆ ಹೋಗ್ತೀಯಕ್ಕ? ಯಜಮಾನನಿಗೆ ಕರುಳು ಇಳಿದೈತೆ, ಅಮಾವಾಸ್ಯೆ ಒಳಗೆ ಮಾರದಿದ್ರೆ ಗತಿ ಇಲ್ಲ ಅಂತ ನೀನೇ ಹೇಳೀಯಲ್ಲ.'

ಅವಳ ಮಾತೇ ಸ್ವಪ್ನ. 'ಮಾರದಿದ್ರೆ ಗತಿ ಇಲ್ಲ' ಅಂತ ಅವಳು ಫೋನಿಗೆ ಹೇಳಿದಾಗ ನಾನು ಪಕ್ಕದಲ್ಲೇ ಇದ್ದೆ. ಒಂದಕ್ಷರ ಹೆಚ್ಚು ಕಮ್ಮಿ ಇಲ್ಲ.

ಪಾಪಕ್ಕ ನಿಂತಲ್ಲೇ ನಿಂತಳು. ತಳಮಳ ಆದಾಗ ಅವಳಿಗೆ ತೆಲುಗೇ ಬರೋದು. 'ಅದಿ ನಾ ಮಾಟ' ಅಂದಳು. ಅದು ನನ್ನ ಮಾತು. ಅವನಿಗಲ್ಲ ಅಂದಿದ್ದು, ನನ್ನ ಕಡೆ ತಿರುಗಿ ಅಂದಳು.

ಅರ್ಧ ರೇಟಿಗೇ ಕೊಟ್ಟಳು. ಬೇರೆ ದಾರಿ ಇರಲಿಲ್ಲ, ಅದು ಅವನಿಗೂ ಗೊತ್ತಿತ್ತು. ಸಾಯಂಕಾಲದ ಹೊತ್ತಿಗೆ ಸುದ್ದಿ ಬಂತು, ಇನ್ನೂ ಎಷ್ಟೋ ರೊಪ್ಪದಲ್ಲಿ ಇದೇ ತರ ಆಗೈತೆ. ಯಾರ ಕುರಿಗೆ ಏನು, ಯಾರಿಗೆ ಯಾವಾಗ ಕಷ್ಟ, ಎಲ್ಲ ಅವನ ಫೋನಲ್ಲಿ ಐತಂತೆ.

ನಾನು ನಮ್ಮ ಸರ್ವರಿಗೆ ಲಾಗಿನ್ ಆಗೋಕೆ ನೋಡಿದೆ. ನನ್ನ ಪಾಸ್‌ವರ್ಡ್ ನಡೀಲಿಲ್ಲ.

ಯಾರೋ ಕಳ್ಳರು ನುಗ್ಗಿದಾರೆ ಅಂತ ಹೇಳು. ನಿನಗೂ ಈಗಲೇ ಗೊತ್ತಾಗಿದ್ದು ಅಂತ ಹೇಳು. ಉತ್ತರ ಬರದಿದ್ರೂ ಈ ವಾರವೇ ಬರ್ತೀನಿ, ಇಬ್ರೂ ಪೊಲೀಸ್ ಸ್ಟೇಷನ್ನಿಗೆ ಹೋಗೋಣ.

ಗಂಗಿ


ಚಳ್ಳಕೆರೆ,
4 ಡಿಸೆಂಬರ್ 2024

ಗಂಗಿ,

ನೀನು ಬಂದ ದಿನ ನಾನು ಮನೆಯಲ್ಲೇ ಇದ್ದೆ. ಇಲ್ಲ ಅಂತ ಅಮ್ಮನ ಕೈಲಿ ಹೇಳಿಸಿದೆ. ನೀನು ಮೆಟ್ಟಿಲಿಳಿದು ಹೋಗುವುದನ್ನು ಕಿಟಕಿಯಿಂದ ನೋಡಿದೆ.

ಕಳ್ಳರು ಯಾರೂ ನುಗ್ಗಿಲ್ಲ.

ದಾವಣಗೆರೆಯಿಂದ ಬಂದ ವಾರವೇ ಮಾರುತೇಶ್ ಕೇಳಿದರು, ಪರೀಕ್ಷೆ ಮಾಡಿ ನೋಡಲು ಡೇಟಾ ಬೇಕು ಅಂತ. ಮೂಲ ಕೊಡುವುದಿಲ್ಲ ಅಂದೆ. 'ಮೂಲ ಯಾರಿಗೆ ಬೇಕು, ಒಂದು ಪ್ರತಿ ಮಾಡಿಕೊಡಿ' ಅಂದರು. ಮಾಡಿಕೊಟ್ಟೆ. ಒಂದು ಬಟನ್ ಅಷ್ಟೇ ಇತ್ತು. ಆಮೇಲೆ ದಿನಾ ಬರುವ ಹೊಸ ಕರೆಗಳೂ ಆ ಪ್ರತಿಗೆ ಹರಿಯುವ ಹಾಗೆ ಮಾಡಿಕೊಡಿ ಅಂದರು. ಅದನ್ನೂ ಮಾಡಿದೆ. ಅವರದು ಕುರಿ ಖರೀದಿಯ ಕಂಪನಿ, ಹೊನ್ನೂರಸ್ವಾಮಿಯಂಥ ವ್ಯಾಪಾರಿಗಳು ಅವರಿಗಾಗಿ ಕೊಳ್ಳುತ್ತಾರೆ ಅಂತ ಆ ಹೊತ್ತಿಗೆ ನನಗೆ ಗೊತ್ತಾಗಿತ್ತು. ಹೊಸ ಪ್ರಶ್ನೆ ಬರೆದುಕೊಟ್ಟದ್ದೂ ಅವರೇ. ನಿನ್ನ ಪಾಸ್‌ವರ್ಡ್ ತೆಗೆಯಲು ಹೇಳಿದರು, ಅದನ್ನೂ ನಾನೇ ತೆಗೆದೆ.

ಉಚಿತ ಅವಧಿ ಮುಗಿದರೆ ರೊಪ್ಪವೇ ಮುಚ್ಚಿಹೋಗುತ್ತೆ, ಅದಕ್ಕಿಂತ ಇದು ವಾಸಿ ಅಂತ ನನಗೆ ನಾನೇ ಹೇಳಿಕೊಂಡೆ. ನನಗೆ ಅಲ್ಲಿ ತಾಂತ್ರಿಕ ಮುಖ್ಯಸ್ಥೆ ಅಂತ ಹುದ್ದೆ ಕೊಟ್ಟಿದ್ದಾರೆ. ಅಪ್ಪ ಅದನ್ನು ಮಿಲ್ಲಿನವರಿಗೆಲ್ಲ ಹೇಳಿಕೊಂಡು ಬಂದಿದ್ದಾನೆ.

ಒಂದು ಮಾತು ಮಾತ್ರ ನಂಬು. ಮೂಲ ಹಾಗೇ ಇದೆ ಗಂಗಿ. ಅದರಲ್ಲಿ ಒಂದಕ್ಷರ ಅಲ್ಲಾಡಿಲ್ಲ. ನಾನು ಕೊಟ್ಟದ್ದು ಪ್ರತಿ.

ಸ್ವಪ್ನ


ಸಿದ್ದಾಪುರ,
12 ಡಿಸೆಂಬರ್ 2024

ಸ್ವಪ್ನ,

ಮೂಲ ಹಾಗೇ ಐತೆ ಅಂದೆ. ಮಾತು ಅನ್ನೋದು ಟಗರಲ್ಲ, ಒಬ್ಬನಿಗೆ ಕೊಟ್ರೆ ಇನ್ನೊಬ್ಬನ ಹತ್ರ ಇಲ್ಲದಂಗಾಗೋಕೆ. ಕದ್ದ ಮೇಲೂ ಮನೇಲೇ ಇರ್ತದೆ. ಅದಕ್ಕೇ ಕಳ್ಳತನ ಅಂತ ನಿನಗೆ ಅನ್ನಿಸಿಲ್ಲ.

ನಿಮ್ಮಮ್ಮ ಅವತ್ತು 'ಸ್ವಪ್ನ ಊರಲ್ಲಿಲ್ಲಮ್ಮ' ಅಂದಾಗ ನಿನ್ನ ಚಪ್ಪಲಿ ಬಾಗಿಲಲ್ಲೇ ಇತ್ತು. ನೋಡಿದ್ರೂ ನೋಡದಂಗೆ ಬಂದೆ. ಬಸ್ಸಲ್ಲಿ ಕೂತ ಮೇಲೂ ನಿನ್ನ ಪರವಾಗೇ ಯೋಚನೆ ಮಾಡ್ತಿದ್ದೆ, ಏನೋ ಹೆದರಿರಬೇಕು ಅಂತ.

ನನಗೆ ಹುದ್ದೆ ಇಲ್ಲದಿದ್ರೂ ಪರವಾಗಿಲ್ಲ. ಪಾಪಕ್ಕನಿಗೆ ಮಾತು ಕೊಟ್ಟೋಳು ನಾನು. ಮಾರೋ ಮಾತು ಹೇಳು ಅಂತ ಒತ್ತಾಯ ಮಾಡಿದೋಳು ನಾನು. ನಿನ್ನ ಹೆಸರು ಹೇಳಿ ಒತ್ತಾಯ ಮಾಡಿದೆ. ಈಗ ಹಟ್ಟೀಲಿ ಕೆಲವರು, 'ಹುಡುಗೀನೂ ಸೇರ್ಕಂಡವಳೆ' ಅಂತಾರೆ. ಅಲ್ಲ ಅಂತ ನಾನೇ ಹೇಳಿದ್ರೆ ಯಾರು ನಂಬ್ತಾರೆ? ನೀನು ಬಂದು ಇವರ ಮುಂದೆ ನಿಂತು ಹೇಳಬೇಕು. ಬಾ.

ಫೋನಲ್ಲಿ ಬರೀಬೇಡ. ಅದರೊಳಗಿನ ಮಾತು ಎಲ್ಲಿಗೆ ಹೋಗ್ತದೆ ಅಂತ ನನಗೀಗ ಗೊತ್ತು.

ಗಂಗಲಕ್ಷ್ಮಿ


ಚಳ್ಳಕೆರೆ,
20 ಜನವರಿ 2025

ಗಂಗಿ,

ಬರಬೇಕು ಅಂತ ಎರಡು ಸಲ ಬಸ್‌ಸ್ಟ್ಯಾಂಡಿನವರೆಗೂ ಹೋಗಿ ವಾಪಸ್ ಬಂದೆ.

ಪ್ರತಿಯನ್ನು ಅಳಿಸಿಬಿಡಿ ಅಂತ ಮಾರುತೇಶ್ ಅವರನ್ನು ಕೇಳಿದೆ. ಅವರು ಸಿಟ್ಟಾಗಲಿಲ್ಲ, ಅದೇ ಕೆಟ್ಟದ್ದು. 'ಸ್ವಪ್ನ, ಅದು ನಮ್ಮ ಖಾತೆಯಲ್ಲಿದೆ, ನೀವು ಸಹಿ ಮಾಡಿಕೊಟ್ಟಿದ್ದೀರಿ' ಅಂತ ನಕ್ಕು ಹೇಳಿದರು. ಮಾರನೇ ದಿನ ಬೆಳಿಗ್ಗೆ ನನ್ನ ಪಾಸ್‌ವರ್ಡೂ ನಡೆಯಲಿಲ್ಲ. ಹುದ್ದೆಯೂ ಇಲ್ಲ. ಅಪ್ಪನಿಗೆ ಇನ್ನೂ ಹೇಳಿಲ್ಲ.

ಮೂಲ ಮಾತ್ರ ಇನ್ನೂ ನನ್ನ ಹಳೆಯ ಖಾತೆಯಲ್ಲಿತ್ತು, ಉಚಿತ ಅವಧಿ ಮುಗಿದ ಮೇಲೆ ನಾನೇ ದುಡ್ಡು ಕಟ್ಟಿ ಉಳಿಸಿಕೊಂಡಿದ್ದೆ. ಅದು ಇರುವವರೆಗೆ ಇನ್ನೊಬ್ಬರು ಬಂದು ಇನ್ನೊಂದು ಪ್ರತಿ ಕೇಳಬಹುದು, ನಾನು ಮತ್ತೆ ಕೊಟ್ಟುಬಿಡಬಹುದು. ನನ್ನ ಮೇಲೆ ನನಗೇ ನಂಬಿಕೆ ಇಲ್ಲ. ಅದಕ್ಕೆ ಹೋದ ವಾರ ಎಲ್ಲ ಅಳಿಸಿದೆ. ಡೇಟಾಬೇಸು, ಕಂಟೇನರುಗಳು, ರೆಕಾರ್ಡಿಂಗುಗಳು, ಕರೆಯ ನಂಬರು, ಎಲ್ಲ. ಈಗ ನಮ್ಮ ಕಡೆ ಏನೂ ಉಳಿದಿಲ್ಲ. ಪಾಪಕ್ಕನಿಗೆ ಹೇಳು, ಅವರ ಮಾತು ಇನ್ನು ನನ್ನ ಹತ್ತಿರ ಇಲ್ಲ ಅಂತ.

ನನ್ನ ಕೈಲಾದದ್ದು ಇದೊಂದೇ ಅನ್ನಿಸಿತು.

ಸ್ವಪ್ನ


ಸಿದ್ದಾಪುರ,
9 ಫೆಬ್ರವರಿ 2025

ಸ್ವಪ್ನ,

ನಿನ್ನ ಕಾಗದ ಬಂದಿದ್ದು ಮೂವತ್ತನೇ ತಾರೀಖು. ಅಳಿಸಿದ್ದನ್ನ ಒಂದು ವಾರದೊಳಗೆ ಹಿಂದಕ್ಕೆ ತರಬೋದು ಅಂತ ನೀನೇ ಒಂದು ಸಲ ಹೇಳಿದ್ದೆ. ನಾನು ಮೊಳಕಾಲ್ಮೂರಿಗೆ ಓಡಿ ಹೋಗಿ ಕ್ಲೌಡಿನೋರಿಗೆ ಬರೆದೆ. ಆ ವಾರ ಯಾವಾಗಲೋ ಕಳೆದಿತ್ತು. ಫೋನಲ್ಲಿ ಬರೀಬೇಡ ಅಂದೋಳು ನಾನೇ. ಆದ್ರೆ ಅಳಿಸೋಕೆ ಮೊದಲು ಒಂದು ಕಾಗದ ಬರೆಯೋಕೆ ನಿನಗೆ ಆಗಲಿಲ್ಲವಾ?

ಎರಡು ವರ್ಷ ನಾನು ಹಟ್ಟಿ ಹಟ್ಟಿ ತಿರುಗಿ ಕೂಡಿಸಿದ್ದು. ಕಾರ್ಡು ಖಾಲಿ ಮಾಡಿ ಕಳಿಸು ಅಂತಿದ್ದೆ, ನೀನು ಕಳಿಸ್ತಿದ್ದೆ. ನನ್ನ ಹತ್ರ ಏನೂ ಇಲ್ಲ. ಈಗ ಪಾಪಕ್ಕನ ಮಾತು ಇರೋದು ಒಬ್ಬನ ಹತ್ರ ಮಾತ್ರ. ಕದ್ದೋನ ಹತ್ರ.

ಇನ್ನೊಂದು ಕೇಳು. ದೊಡ್ಡೀರಪ್ಪ ತಾತ ಸಿರುಗುಪ್ಪದ ಕಡೆ ಕಾಲುವೆ ಪಕ್ಕ ಮಂದೆ ಬಿಟ್ಟಿದ್ದ. ಮೆಣಸಿನ ಗಿಡ ಕಿತ್ತ ಹೊಲದಲ್ಲಿ ಕುರಿ ಮೇದಾವೆ, ಅದಕ್ಕೆ ಔಷಧಿ ಹೊಡೆದಿದ್ದು ತಾತನಿಗೆ ಯಾರೂ ಹೇಳಿಲ್ಲ. ಕುರಿ ಬಾಯಲ್ಲಿ ನೊರೆ ಬಂದು ನಡುಗೋಕೆ ಶುರುವಾದ್ವು. ಗುರುತಿಲ್ಲದ ಊರು. ತಾತ ರೊಪ್ಪಕ್ಕೆ ಫೋನು ಮಾಡವ್ನೆ. ಬ್ಯಾಪಾರಿ ಕಥೆ ಎಲ್ಲ ಗೊತ್ತಿದ್ದೂ ಮಾಡವ್ನೆ, ಯಾಕಂದ್ರೆ ಆ ಹೊತ್ತಲ್ಲಿ ಕುರಿ ಉಳಿದ್ರೆ ಸಾಕು. 'ಈ ನಂಬರು ಚಾಲ್ತಿಯಲ್ಲಿಲ್ಲ' ಅಂತ ಬಂತಂತೆ. ತಪ್ಪು ಒತ್ತಿದ್ನೇನೋ ಅಂತ ಮತ್ತೆ ಮತ್ತೆ ಮಾಡವ್ನೆ. ಅಲ್ಲಿನ ಡಾಕ್ಟ್ರನ್ನ ಹುಡುಕ್ಕಂಡು ಕರ್ಕಂಡು ಬರೋ ಹೊತ್ತಿಗೆ ಅರ್ಧ ಮಂದೆ ಮಲಗಿಬಿಟ್ಟಿತ್ತು.

ಊರಿಗೆ ಬಂದು ನನ್ನನ್ನ ಬೈಲಿಲ್ಲ ತಾತ. 'ಎಲ್ಲಿಂದಾನ ಮಾಡ್ರಿ ಅಂದಿದ್ದೆಯಲ್ಲವ್ವಾ' ಅಂದ, ಅಷ್ಟೇ.

ಕೊಡೋವಾಗ ನಮ್ಮನ್ನ ಕೇಳಲಿಲ್ಲ ನೀನು. ಅಳಿಸೋವಾಗಲೂ ಕೇಳಲಿಲ್ಲ. ತಪ್ಪು ಮಾಡಿದಾಗ ಒಬ್ಬಳೇ, ತಪ್ಪು ಸರಿ ಮಾಡ್ತೀನಿ ಅಂದಾಗಲೂ ಒಬ್ಬಳೇ. ನಾವೆಲ್ಲ ನಿನ್ನ ಕಥೆಯೊಳಗೆ ಎಲ್ಲಿದೀವಿ?

ಇದೇ ಕೊನೆ ಸಲ ಕರೆಯೋದು.

ಗಂಗಲಕ್ಷ್ಮಿ


ಚಳ್ಳಕೆರೆ,
20 ಫೆಬ್ರವರಿ 2025

ಶಿವರಾತ್ರಿ ಕಳೆದ ಭಾನುವಾರ ಬರುತ್ತೇನೆ.

ಸ್ವಪ್ನ


ಚಳ್ಳಕೆರೆ,
5 ಮಾರ್ಚ್ 2025

ಗಂಗಿ,

ಭಾನುವಾರ ನಾನು ಬಂದು ಹೋಗುವವರೆಗೂ ನೀನು ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಬೈಯುತ್ತಾರೆ, ಹೊಡೆಯಲೂಬಹುದು ಅಂತ ತಯಾರಾಗಿ ಬಂದಿದ್ದೆ. ಬೇವಿನ ಮರದ ಕೆಳಗೆ ಎಲ್ಲರೂ ನನಗಿಂತ ಮೊದಲೇ ಬಂದು ಕೂತಿದ್ದರು. ಗಂಗಲಕ್ಷ್ಮಿಗೆ ಏನೂ ಗೊತ್ತಿರಲಿಲ್ಲ, ಮಾಡಿದ್ದೆಲ್ಲ ನಾನು ಅಂತ ಹೇಳಿದೆ. ದೊಡ್ಡೀರಪ್ಪನವರು ಎರಡೇ ಪ್ರಶ್ನೆ ಕೇಳಿದರು.

'ನಮ್ಮ ಮಾತು ಇನ್ನೂ ಅವರ ಹತ್ರ ಐತಾ?'

'ಐತ್ರಿ ಅಜ್ಜ.'

'ವಾಪಸ್ ತರಕಾಗಲ್ವಾ?'

'ಆಗಲ್ಲ.'

ಅವರು ಎದ್ದು, ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಹೋದರು. ಒಬ್ಬೊಬ್ಬರೇ ಎದ್ದರು. ಕೊನೆಗೆ ಪಾಪಕ್ಕ ಉಳಿದರು. ಒಳಗೆ ಹೋಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ತಂದು ನನ್ನ ಮುಂದಿಟ್ಟರು. 'ದೂರದಿಂದ ಬಂದೀಯ, ಉಣ್ಣು' ಅಂದರು. ನಾನು ಅತ್ತೆ. ಅವರು ಸಮಾಧಾನ ಮಾಡಲಿಲ್ಲ. ನಾನು ಉಂಡು ಮುಗಿಸುವವರೆಗೂ ಎದುರಿಗೆ ಕೂತು, ತಟ್ಟೆ ತೆಗೆದುಕೊಂಡು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

ಒಂದು ಯೋಚನೆ ಇದೆ. ಜಯದೇವಪ್ಪನವರು ಮತ್ತೆ ಉತ್ತರ ಹೇಳಿಕೊಡುತ್ತೇನೆ ಅಂದಿದ್ದಾರೆ. ಈ ಸಲ ಯಾವ ಕಂಪನಿಯೂ ಬೇಡ. ಸಣ್ಣ ಮಿಷಿನ್ ಒಂದನ್ನು ನಿಮ್ಮ ಮನೆಯಲ್ಲೇ ಇಡೋಣ. ಡೇಟಾಬೇಸು ನಿನ್ನ ಕಣ್ಣೆದುರಿಗೇ ಇರುತ್ತೆ, ಪಾಸ್‌ವರ್ಡ್ ನಿನ್ನದೊಂದೇ. ನಾನು ಕಟ್ಟಿಕೊಟ್ಟು ಕೈ ತೊಳೆದುಕೊಳ್ಳುತ್ತೇನೆ. ಮೊದಲಿನ ಹಾಗೆ ಮಾಡೋಣವಾ?

ನಿನ್ನ
ಸ್ವಪ್ನ


ಸಿದ್ದಾಪುರ,
23 ಮಾರ್ಚ್ 2025

ಸ್ವಪ್ನ,

ನೀನು ಬಂದು ಹೇಳಿದ್ದರಿಂದ ನನ್ನ ಮೇಲಿನ ಅನುಮಾನ ಹೋಯ್ತು. ಅಷ್ಟು ನಿಜ, ಅದನ್ನ ಇಲ್ಲ ಅನ್ನಲ್ಲ.

ಆದ್ರೆ ಅನುಮಾನ ಹೋದ ಜಾಗಕ್ಕೆ ಹಳೇದು ಬಂದು ಕೂರಲಿಲ್ಲ. ನಾನು ರೊಪ್ಪದ ಹತ್ರ ಹೋದ್ರೆ ಆಡ್ತಿರೋ ಮಾತು ನಿಲ್ಲಿಸ್ತಾರೆ. 'ಬಾರವ್ವ, ಕೂತ್ಕ' ಅಂತಾರೆ, ಮಳೆ ಬಿಸಿಲಿನ ಮಾತಾಡ್ತಾರೆ. ಯಾವ ಕುರಿ ಗಬ್ಬ, ಯಾವುದಕ್ಕೆ ಹುಷಾರಿಲ್ಲ, ಎತ್ತ ಕಡೆ ಮಂದೆ ಹೊಡೀತಾರೆ, ಇದ್ಯಾವುದೂ ನನ್ನ ಮುಂದೆ ಬರಲ್ಲ. ನಾನು ಹುಟ್ಟಿದ ಹಟ್ಟಿ ಇದು. ಅವ್ವ ಕೂಡ ಮೊನ್ನೆ ಅತ್ತಿಗೆ ಜೊತೆ ಏನೋ ಹೇಳ್ತಿದ್ದೋಳು ನನ್ನ ನೋಡಿ, 'ಆಮೇಲೆ ಹೇಳ್ತೀನಿ' ಅಂದಳು.

ಮಿಷಿನ್ ನಮ್ಮ ಮನೇಲಿ ಇಡೋಣ ಅಂತೀಯ. ನೀನು ಕಟ್ಟಿದ್ರೆ ಚೆನ್ನಾಗೇ ಕಟ್ತೀಯ, ಗೊತ್ತು ನನಗೆ. ಇವರಿಗೆ ತೊಂದರೆ ಆಗಿದ್ದು ಮಿಷಿನ್ ಎಲ್ಲಿತ್ತು ಅನ್ನೋದರಿಂದಲ್ಲ. ಬೇಡ. ಜಯದೇವಪ್ಪನೋರಿಗೆ ನಾನೇ ಹೇಳ್ತೀನಿ. ಅವರು ತಿಂಗಳಿಗೊಂದು ಸಲ ಬಸ್ಸಲ್ಲಿ ಬಂದು ದೇವಸಮುದ್ರದಲ್ಲಿ ಕೂರ್ತಾರಂತೆ, ಬೇಕಾದೋರು ಎದುರಿಗೆ ಬಂದು ಕೇಳ್ಲಿ.

ನಿನ್ನೆ ಒಂದು ಆಯ್ತು. ಮಧ್ಯಾಹ್ನ ಪಾಪಕ್ಕ ನಮ್ಮ ಬಾಗಿಲಿಗೆ ಬಂದು ನಿಂತಳು. ನವೆಂಬರಿಂದ ಈಚೆಗೆ ಅವಳು ನಮ್ಮನೆ ಹೊಸ್ತಿಲು ತುಳಿದಿರಲಿಲ್ಲ. 'ಒಂದು ಕುರಿ ಈಯೋಕೆ ಕಷ್ಟ ಪಡ್ತೈತೆ, ಮರಿ ಅಡ್ಡ ಬಂದಂಗೈತೆ. ನಿನ್ನ ಕೈ ಸಣ್ಣದು, ಬಾ' ಅಂದಳು. ಓಡಿದೆ. ದೊಡ್ಡಪ್ಪ ಆಪರೇಷನ್ ಆದ ಮೇಲೆ ಬಗ್ಗಂಗಿಲ್ಲ, ಅಂಗಳದಲ್ಲಿ ಮಂಚದ ಮೇಲೆ ಕೂತಿದ್ದ. ನಾನು ರೊಪ್ಪದ ಬಾಗಿಲಿಗೆ ಕೈ ಹಾಕಿದೆ, ಪಾಪಕ್ಕ ತಡೆದಳು.

'ಫೋನು ಐತಾ?'

'ಐತೆ ದೊಡ್ಡವ್ವ. ಆಫ್ ಮಾಡಿದೀನಿ.'

'ಹೊರಗಿಟ್ಟು ಬಾ.'

ಅವಳ ಮುಖ ನೋಡಿದೆ. ಸಿಟ್ಟಿರಲಿಲ್ಲ. ಅಂಗಳದ ಕಲ್ಲುಗುಂಡಿನ ಮೇಲೆ ಫೋನಿಟ್ಟು ಒಳಗೆ ಹೋದೆ. ಮರಿ ಬದುಕ್ತು, ತಾಯಿನೂ ಬದುಕ್ತು. ಕೈ ತೊಳ್ಕಂಡು ಹೊರಡೋಕೆ ನೋಡಿದ್ರೆ, ಪಾಪಕ್ಕ ಮರಿ ಮೈ ಒರೆಸ್ತಾ, 'ಕೂತ್ಕ' ಅಂದಳು. ಕೂತೆ. ಅವಳು ಮಾತಾಡೋಕೆ ಶುರು ಮಾಡಿದಳು. ಬಿಸಿಲು ಇಳಿಯೋವರೆಗೂ ಮಾತಾಡಿದಳು.

ಏನು ಹೇಳಿದಳು ಅಂತ ನಿನಗೆ ಬರೆಯಲ್ಲ.

ಗಂಗಲಕ್ಷ್ಮಿ